ನನ್ನ ಕಾರಿಗೆ ಟ್ರಾಕ್ಟರಿನ ಎಣ್ಣೆ

ನಮ್ಮ ಕಡೆ ಟ್ರಾಕ್ಟರ್ ಸರ್ವೀಸ್ ಆದ ದಿನ ಡಬ್ಬದಲ್ಲಿ ಉಳಿದ ಎಣ್ಣೆಯನ್ನು ಯಾರೂ ಎತ್ತಿಡುವುದಿಲ್ಲ, ಹಂಚುತ್ತಾರೆ. ಚಿಕ್ಕಪ್ಪನ ಮನೆಯ ಬೈಕಿನ ಚೈನಿಗೆ ಒಂದಿಷ್ಟು, ಪಕ್ಕದ ಮನೆಯ ಗಾಡಿಯ ಅಚ್ಚಿಗೆ ಒಂದಿಷ್ಟು, ಮಿಕ್ಕರೆ ಗೇಟಿನ ತಿರುಗಣಿಗೆ. ಆಲೆಮನೆಯಲ್ಲಿ ಹೊಸ ಬೆಲ್ಲ ತೆಗೆದ ದಿನ ಅಚ್ಚು ಕೊಟ್ಟು ಕಳಿಸುತ್ತಾರಲ್ಲ, ಹಾಗೆ. ಬೇಡ ಅಂದವರನ್ನು ನಾನು ನೋಡಿಲ್ಲ. ಬೇಡ ಅಂದರೆ ಕೊಟ್ಟವನಿಗೆ ಅವಮಾನ.

ಕಬ್ಬು ಕಟಾವಿಗೆ ಮುಂಚೆ ನಮ್ಮಣ್ಣನೂ ಟ್ರಾಕ್ಟರ್ ಸರ್ವೀಸ್ ಮಾಡಿಸಿದ. ಆ ಭಾನುವಾರ ನಾನು ಮದ್ದೂರಿನಿಂದ ಚಿಕ್ಕರಸಿನಕೆರೆಗೆ, ತವರಿಗೆ ಹೋಗಿದ್ದೆ. ಉಂಡು ಹೊರಗೆ ಬಂದರೆ ನನ್ನ ಕಾರಿನ ಕೆಳಗಿನಿಂದ ಅಣ್ಣನ ಎರಡು ಕಾಲು ಆಚೆ ಬಂದಿದ್ದವು.

"ನಿನ್ ಕಾರ್ದೂ ಗೇರ್ ಎಣ್ಣೆ ಬದ್ಲಾಯಿಸ್ಬುಟ್ಟೆ ಕಣಮ್ಮಿ," ಅಂತ ಬೆನ್ನಿನ ಮಣ್ಣು ಕೊಡವಿಕೊಂಡು ಎದ್ದ. "ಅಳೇದು ನೀರಾಗಿತ್ತು, ಸುರ್ದಾಕ್ದೆ. ಇದು ತೊಂಬತ್ತರ ಮಂದ ಎಣ್ಣೆ. ಲೋಡ್ ಕಬ್ಬನ್ನೇ ಎಳೀತದೆ, ನಿನ್ ಡಬ್ಬ ಎಳೀದಾ?"

ನಾನು ನಕ್ಕೆ. ಪ್ರೀತಿಯಿಂದ ಮಾಡಿದ್ದ. ರಾಗಿ ಚೀಲ ಡಿಕ್ಕಿಗೆ ಹಾಕಿ ಕಳಿಸುವ ಕೈಯೇ ಅದು.

ಕಾರು ನಾನು ಸಂಬಳದಲ್ಲಿ ಕೊಂಡದ್ದು. ಕೊಳ್ಳುವಾಗಲೇ ಹಳೆಯದು, ನನಗಿಂತ ಮುಂಚೆ ಇಬ್ಬರ ಕೈಯಲ್ಲಿ ಪಳಗಿದ್ದು. ಮಳವಳ್ಳಿಯಿಂದ ಆಚೆ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮದ್ದೂರಿನಿಂದ ಬಸ್ಸು ಹಿಡಿದು, ಮಳವಳ್ಳಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಅದು ಬಾರದಿದ್ದರೆ ಯಾರದೋ ಆಟೋದ ಹಿಂದೆ ಓಡಿ ವರ್ಷಗಟ್ಟಲೆ ಹೋಗಿ ಬಂದವಳು. ಕಾರು ಬಂದ ಮೇಲೆ ನಾನು ಯಾರಿಗೂ ಕಾದಿಲ್ಲ. ನನಗೆ ಅದರ ಬೆಲೆ ಅಷ್ಟೇ, ಅಷ್ಟೂ.

ಎಣ್ಣೆ ಬದಲಾದ ವಾರದಲ್ಲೇ ಗೇರ್ ಮುನಿಸಿಕೊಂಡಿತು. ಬೆಳಿಗ್ಗೆ ಎರಡನೇ ಗೇರಿಗೆ ಹಾಕಿದರೆ ಕಲ್ಲು ಕಡಿದ ಹಾಗೆ ಕರಕರ ಅನ್ನುತ್ತಿತ್ತು. ಹಂಪ್ ಬಂದಾಗ ಮೂರರಿಂದ ಎರಡಕ್ಕೆ ಇಳಿಸಲು ಕೈ ನೋಯುತ್ತಿತ್ತು. ವಿಷಯ ಊರಿಗೆ ಮುಟ್ಟಿತು. ಅಣ್ಣ ಫೋನಿನಲ್ಲೇ ತೀರ್ಪು ಕೊಟ್ಟ.

"ಎಂಗಸ್ರು ಕ್ಲಚ್ ಪೂರ್ತಿ ತುಳಿಯಲ್ಲ. ಗೇರ್‌ಬಾಕ್ಸ್ ಓಯ್ತು ಅನ್ಕೊ. ಗೆಜ್ಜಲಗೆರೆ ಫ್ಯಾಕ್ಟ್ರಿ ಸೂಪರ್‌ವೈಸರ್ ಒಬ್ಬ ಅಳೇ ಕಾರ್ ಉಡುಕ್ತಾವ್ನೆ. ಭಾನುವಾರ ಬಂದು ನೋಡ್ತಾನೆ. ಮಾತಾಡಿವ್ನಿ."

"ಯಾರನ್ನ ಕೇಳಿ ಮಾತಾಡ್ದೆ?"

"ನಿನ್ ಒಳ್ಳೇದಕ್ಕೆ ಕಣಮ್ಮಿ. ಬಸ್ ಐತಲ್ಲ!"

ಬಸ್ಸು ಇದೆ ಅಂತ ನನಗೆ ಹೇಳುತ್ತಾನೆ.

ಮದ್ದೂರಿನ ಮೆಕ್ಯಾನಿಕ್ಕಿನ ಬಳಿ ಹೋದೆ. ಒಂದು ಸುತ್ತು ಓಡಿಸಿ ಬಂದು ನಿಲ್ಲಿಸಿ ನನ್ನ ಕಾಲು ನೋಡಿದ. "ಕ್ಲಚ್ ಪೂರ್ತಿ ತುಳೀತೀರಾ ಮೇಡಂ?"

"ಈಗ ಓಡಿಸಿದ್ದು ನೀವು. ನೀವು ತುಳಿದ್ರಾ?"

"ತುಳಿದೆ."

"ಶಬ್ದ ಬಂತಾ?"

"ಬಂತು."

"ಹಂಗಾದ್ರೆ ಅದು ನನ್ನ ಕಾಲಿಂದಲ್ಲ."

ಅವನು ತಲೆ ಕೆರೆದುಕೊಂಡ. "ಗೇರ್‌ಬಾಕ್ಸ್ ಇಳಿಸ್ಬೇಕು. ಈ ಗಾಡಿಗೆ ಅಷ್ಟು ಸುರಿಯೋದ್ಕಿಂತ ಮಾರ್ಬುಡಿ," ಅಂದ. ಅಣ್ಣನೇ ಎದುರು ನಿಂತು ಮಾತಾಡಿದ ಹಾಗಿತ್ತು.

ನಮ್ಮ ಮನೆಯಲ್ಲಿ ಡಿಗ್ರಿ ಮುಖ ನೋಡಿದವಳು ನಾನೊಬ್ಬಳೇ. ಮಂಡ್ಯದ ಕಾಲೇಜಿಗೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೋಗಿ ಬಿ.ಎಸ್ಸಿ. ಮಾಡಿದೆ. ಕೆಮಿಸ್ಟ್ರಿಯಲ್ಲಿ ಒಂದು ಸಲ ಬಿದ್ದೆ. ಮನೆಯಲ್ಲಿ "ಸಾಕು ಬುಡು, ಒಲೆ ಮುಂದೆ ಕೆಮಿಸ್ಟ್ರಿ ಏನ್ ಬೇಕು" ಅಂದರು. ಮತ್ತೆ ಕಟ್ಟಿ ಪಾಸು ಮಾಡಿದೆ. ಹಾಗೆ ಎರಡು ಸಲ ಓದಿದ್ದನ್ನು ಮರೆಯುವ ಜಾತಿ ಅಲ್ಲ ನಾನು. ಒಂದು ಯಂತ್ರ ಭಾನುವಾರದವರೆಗೆ ಸರಿಯಿದ್ದು ಸೋಮವಾರ ಕೆಟ್ಟರೆ, ನಡುವೆ ಏನು ಬದಲಾಯಿತು ಅಂತ ಕೇಳಬೇಕು. ನನ್ನ ಕಾಲು ಬದಲಾಗಿರಲಿಲ್ಲ. ಬದಲಾಗಿದ್ದು ಎಣ್ಣೆ.

ಕೂತು ಓದಿದೆ. ಇಂಥ ಹಳೆಯ ಗೇರ್‌ಬಾಕ್ಸಿನೊಳಗೆ ಹಿತ್ತಾಳೆಯ ಉಂಗುರಗಳಿರುತ್ತವೆ. ಒಂದು ಚಕ್ರ ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗುತ್ತಿರುವಾಗ ಆ ಉಂಗುರ ಉಜ್ಜಿ ಹಿಡಿದು ಎರಡನ್ನೂ ಒಂದು ವೇಗಕ್ಕೆ ತರುತ್ತದೆ. ಆಮೇಲೆ ಹಲ್ಲು ಹಲ್ಲಿಗೆ ಕೂರುತ್ತದೆ. ಎಣ್ಣೆ ವಿಪರೀತ ಜಾರಿದರೆ ಉಂಗುರಕ್ಕೆ ಹಿಡಿತವೇ ಸಿಗುವುದಿಲ್ಲ. ಕೈಗೆ ಹರಳೆಣ್ಣೆ ಬಳಿದುಕೊಂಡು ಹೋರಿಯ ಹಗ್ಗ ಹಿಡಿದ ಹಾಗೆ. ಅವತ್ತು ನೋಡಿದ ಅಣ್ಣನ ಡಬ್ಬದ ಮೇಲೆ ಎಣ್ಣೆಯ ದರ್ಜೆ ಜಿಎಲ್-5 ಅಂತಿತ್ತು. ಭಾರದ ಹಲ್ಲುಗಳು ಒಂದನ್ನೊಂದು ತಿನ್ನದಿರಲಿ ಅಂತ ಅದಕ್ಕೆ ಗಂಧಕದ ಮದ್ದು ಹೆಚ್ಚು ಬೆರೆಸುತ್ತಾರೆ. ಗಂಧಕಕ್ಕೂ ತಾಮ್ರ, ಹಿತ್ತಾಳೆಗೂ ಆಗಿಬರುವುದಿಲ್ಲ. ನನ್ನ ಕಾರಿಗೆ ಬೇಕಾದದ್ದು ಜಿಎಲ್-4, ಅದೂ ಇನ್ನೂ ತೆಳುವಾದದ್ದು, 75ಡಬ್ಲ್ಯೂ-80.

ಹೇಳಿದರೆ ಅಣ್ಣ ನಂಬುವವನಲ್ಲ ಅಂತ ತೋರಿಸಲು ಊರಿಗೇ ಹೋದೆ. ಸುಟ್ಟ ಪಂಪ್‌ಸೆಟ್ಟಿನ ತಾಮ್ರದ ತಂತಿ ಉಜ್ಜಿ ಹೊಳಪು ಮಾಡಿ, ಅವನ ಎಣ್ಣೆ ತುಂಬಿದ ಸ್ಟೀಲ್ ಲೋಟದಲ್ಲಿ ಮುಳುಗಿಸಿ, ಲೋಟವನ್ನು ಕುದಿಯುವ ನೀರಲ್ಲಿ ಇಟ್ಟೆ. ಅವ್ವ ಬಂದು ಮುಚ್ಚಳ ತೆಗೆದಳು.

"ಅಯ್ಯೋ, ಇಡ್ಲಿ ಪಾತ್ರೇಲಿ ಟ್ರಾಕ್ಟ್ರು ಎಣ್ಣೆ ಬೇಯಿಸ್ತಾವ್ಳೆ! ಇದ್ಕೇ ಏನಮ್ಮಿ ನಿನ್ನ ಓದ್ಸಿದ್ದು?"

"ಇದಕ್ಕೇ ಕಣವ್ವ."

ಮಧ್ಯಾಹ್ನ ಕಳೆಯುವಷ್ಟರಲ್ಲಿ ತಂತಿ ನೇರಳೆ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಕಪ್ಪಾಗಿತ್ತು. ಅಣ್ಣನ ಮುಂದೆ ಹಿಡಿದೆ. ಬೆರಳಲ್ಲಿ ತಿರುಗಿಸಿ ನೋಡಿದ.

"ಅದ್ಕೇನು? ಉಣ್ಸೆಣ್ಣಾಕಿ ಉಜ್ಜು, ಒಳೀತದೆ."

"ಗೇರ್‌ಬಾಕ್ಸಿಗೆ ಕೈ ಹಾಕಿ ಹುಣಸೆಹಣ್ಣು ಉಜ್ಜಕ್ಕಾಯ್ತದಾ?"

"ನಮ್ಮಪ್ಪನ ಕಾಲ್ದಿಂದ ಇದೇ ಎಣ್ಣೆ. ನಂಗೇ ಪಾಠ ಮಾಡ್ಬ್ಯಾಡ," ಅಂದು ಹೊಲದ ಕಡೆ ಹೋದ. ಅವನಿಗೆ ನೋವಾಗಿತ್ತು ಅಂತ ನನಗೆ ಗೊತ್ತು. ಕೊಟ್ಟದ್ದನ್ನು ತಂಗಿ ಬೇಡ ಅನ್ನುತ್ತಿದ್ದಾಳೆ. ಆದರೂ ಒಳ್ಳೆ ಮನಸ್ಸಿನಿಂದ ಸುರಿದದ್ದು ಅನ್ನುವ ಕಾರಣಕ್ಕೆ ಎಣ್ಣೆ ತನ್ನ ಗುಣ ಬಿಡುವುದಿಲ್ಲ.

ಮದ್ದೂರಿನಲ್ಲಿ ಜಿಎಲ್-4 ಸಿಗಲಿಲ್ಲ. ಸ್ಕೂಲಿಗೆ ರಜೆ ಹಾಕಿ ಮಂಡ್ಯಕ್ಕೆ ಹೋದೆ. ಮಾರ್ಕೆಟ್ಟಿನ ಹತ್ತಿರದ ದೊಡ್ಡ ಅಂಗಡಿಯವರು ನಾನು ಕೇಳಿ ಮುಗಿಸುವ ಮುಂಚೆಯೇ ಒಂದು ಡಬ್ಬ ಕುಕ್ಕಿದರು.

"ಇದು ಐದು," ಅಂದೆ. "ನಂಗೆ ನಾಲ್ಕು ಬೇಕು."

"ನಾಲ್ಕಕ್ಕಿಂತ ಐದು ದೊಡ್ಡದಲ್ವಾ ಮೇಡಂ? ಎಲ್ರೂ ಇದನ್ನೇ ಒಯ್ತಾರೆ. ಒಳ್ಳೇದನ್ನೇ ಕೊಡ್ತಾ ಇದ್ದೀನಿ."

"ಏಳನೇ ನಂಬರ್ ಚಪ್ಪಲಿ ಕೇಳಿದೋರಿಗೆ ದೊಡ್ಡದು ಅಂತ ಹತ್ತು ಕೊಡ್ತೀರಾ?"

ಪಕ್ಕದಲ್ಲಿ ನಿಂತಿದ್ದ ಲಾರಿಯವನೊಬ್ಬ ಗೊಳ್ಳೆಂದ. "ಕೊಡಣ್ಣೋ, ಮೇಡಂ ಬುಡಾಂಗೆ ಕಾಣಲ್ಲ!"

"ಯಜಮಾನ್ರನ್ನ ಒಂದ್ಸಲ ಕೇಳ್ಬುಡಿ ಮೇಡಂ," ಅಂದರು ಅಂಗಡಿಯವರು, ಸೋಲಲು ಮನಸ್ಸಿಲ್ಲದೆ.

"ಕಾರಿಗೆ ಯಜಮಾನಿ ನಾನೇ. ಕೇಳಿಯಾಯ್ತು."

ಗೋಡೌನಿನಿಂದ ಧೂಳು ಹಿಡಿದ ಡಬ್ಬಗಳು ಬಂದವು. ಒರೆಸಿ, ಅಕ್ಷರ ಓದಿ, ಮುಚ್ಚಳದ ಸೀಲು ನೋಡಿ ತೆಗೆದುಕೊಂಡೆ. ಗೇರ್‌ಬಾಕ್ಸ್ ತೊಳೆಯಲೂ ಬೇಕು ಅಂತ ಎರಡರಷ್ಟು ಕೊಂಡೆ.

ಮದ್ದೂರಿನ ಮೆಕ್ಯಾನಿಕ್ ನಗುತ್ತಲೇ ಕಾರನ್ನು ಎತ್ತಿದ. ಒಂದಷ್ಟು ಓಡಿಸಿ ಬಿಸಿ ಮಾಡಿಯೇ ಬಂದಿದ್ದೆ, ಎಣ್ಣೆ ಸಲೀಸಾಗಿ ಇಳಿಯಲಿ ಅಂತ. ಬಿರಡೆ ಬಿಚ್ಚಿದ ಕೂಡಲೇ ಲ್ಯಾಬಿನ ಗಂಧಕದ ವಾಸನೆ ಮುಖಕ್ಕೆ ಹೊಡೆಯಿತು. ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಅದರಲ್ಲಿ ಬಂಗಾರದ ಬಣ್ಣದ ಸಣ್ಣ ಪುಡಿ ಮಿನುಗುತ್ತಿತ್ತು. ಅಕ್ಕಸಾಲಿಗೆ ಸಂತೋಷವಾಗಬಹುದಾದ ಹೊಳಪು. ಉಂಗುರಗಳು ಸವೆದಿದ್ದವು. ಮುಂಚಿನವರ ಕಾಲದಲ್ಲಿ ಎಷ್ಟು, ಈ ಎಣ್ಣೆಯಲ್ಲಿ ಕರಕರ ಅನ್ನಿಸಿ ನಾನು ಓಡಿಸಿದ ದಿನಗಳಲ್ಲಿ ಎಷ್ಟು, ಯಾರು ಹೇಳಬೇಕು?

ಹೊಸದು ತುಂಬಿಸಿ, ಮಳವಳ್ಳಿ ರಸ್ತೆಯಲ್ಲಿ ಓಡಿಸಿ, ಮತ್ತೆ ಸುರಿಸಿ, ಮತ್ತೆ ತುಂಬಿಸಿದೆ. ಆ ಸಂಜೆ ಎರಡನೇ ಗೇರ್ ಕೂತಿತು, ಬಾಗಿಲ ಅಗುಳಿ ಕೂತಂತೆ. ಮೆಕ್ಯಾನಿಕ್ ತಾನೂ ಓಡಿಸಿ ನೋಡಿ, "ಇದೇನು ಮೇಡಂ, ಇಷ್ಟೇನಾ?" ಅಂದ.

ಭಾನುವಾರ ಸೂಪರ್‌ವೈಸರ್ ಬಂದ. ನಾನೂ ಕಾರು ತೆಗೆದುಕೊಂಡು ಊರಿಗೆ ಹೋಗಿದ್ದೆ, ಬಾಯಿಬಿಟ್ಟು ಇಲ್ಲ ಅನ್ನಬೇಕಿತ್ತು ಅದಕ್ಕೆ. ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಕೀಲಿ ಇಸಿದುಕೊಂಡು ಅವನನ್ನು ಕೂರಿಸಿ ಕೆರೆ ಏರಿಯವರೆಗೆ ಕಳಿಸಿಯೂ ಆಗಿತ್ತು. ಅವನು ಮುಖ ಅರಳಿಸಿಕೊಂಡು ಇಳಿದ.

"ಗೇರ್ ಬೆಣ್ಣೆ ಇದ್ದಂಗದೆ! ಕೆಟ್ಟದೆ ಅಂದಿದ್ರಲ್ಲ?"

"ನಾನೇ ಎಣ್ಣೆ ಬದ್ಲಾಯಿಸಿದ್ದು," ಅಂದ ಅಣ್ಣ.

ಜಗಲಿಯ ಮೇಲೆ ಚಿಕ್ಕಪ್ಪ, ಪಕ್ಕದ ಮನೆಯವರು ಕೂತಿದ್ದರು. ಸೂಪರ್‌ವೈಸರ್ ಹಿಂದೆ ಆಡಿದ್ದ ಬೆಲೆಗಿಂತ ಮೇಲಕ್ಕೆ ಹೋಗಿ ಕೇಳಿದ. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

"ಮಾರಲ್ಲ," ಅಂದೆ.

"ಮಾತ್ ಕೊಟ್ಟಿವ್ನಿ ಕಣಮ್ಮಿ. ಜನದ ಮುಂದೆ ಮರ್ವಾದೆ ತೆಗೀತೀಯಾ?"

"ಕೊಟ್ಟಿದ್ದು ನಿನ್ ಮಾತು. ಅದನ್ನ ನೀನೇ ಹಿಂದಕ್ಕೆ ಇಸ್ಕೊ. ಕಾರು ನಂದು."

"ಓದಿವ್ನಿ ಅನ್ನೋ ಕೊಬ್ಬು!"

"ಓದಿದ್ದೀನಿ ಕಣಣ್ಣ. ಎರಡು ಸಲ ಓದಿದ್ದೀನಿ."

ಸೂಪರ್‌ವೈಸರಿನ ಮುಂದೆ ಕೈ ಚಾಚಿದೆ. ಅವನು ಒಮ್ಮೆ ಅಣ್ಣನ ಮುಖ ನೋಡಿ, ಕೀಲಿಯನ್ನು ನನ್ನ ಕೈಗೇ ಹಾಕಿದ. ಅವ್ವ ಕಾಫಿ ತಂದವಳು ಬಾಗಿಲಲ್ಲೇ ನಿಂತಳು. ಯಾರೂ ಕುಡಿಯಲಿಲ್ಲ.

ಅಣ್ಣ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಹಬ್ಬಕ್ಕೆ ಹೋದರೆ ಟ್ರಾಕ್ಟರ್ ಒರೆಸುತ್ತಾ ಬೆನ್ನು ತಿರುಗಿಸುತ್ತಾನೆ. ನಾನು ಹೋಗುವುದನ್ನು ಬಿಟ್ಟಿಲ್ಲ. ಚಳಿಯ ಬೆಳಿಗ್ಗೆ ಎರಡನೇ ಗೇರ್ ಇನ್ನೂ ಒಂದು ಸಲ ಗುರ್ ಅನ್ನುತ್ತದೆ. ಸವೆದ ಹಿತ್ತಾಳೆಯನ್ನು ಯಾವ ಎಣ್ಣೆಯೂ ಮರಳಿ ಕೊಡುವುದಿಲ್ಲ. ಮುಂದೆ ಗೇರ್‌ಬಾಕ್ಸ್ ಪೂರ್ತಿ ಹೋಗಬಹುದು. ಹೋದ ದಿನ ಇಳಿಸಬೇಕೋ ಮಾರಬೇಕೋ ಅಂತ ನಾನು ಯೋಚಿಸುತ್ತೇನೆ, ನಾನೊಬ್ಬಳೇ. ಅಲ್ಲಿಯವರೆಗೆ ಬೆಳಿಗ್ಗೆ ಎದ್ದು ಮಳವಳ್ಳಿ ರಸ್ತೆ ಹಿಡಿಯುತ್ತೇನೆ.