ಅಪ್ಪನ ಕೊಡೆ ಮತ್ತು ಲಾನಿನ ಹುಳು

ಸ್ನೇಹಿತರೇ, ಬಸವನಗುಡಿಯ ನಮ್ಮ ಮನೆಯ ಚಾಪೆಯಗಲದ ಲಾನನ್ನು ಕಾಗೆಗಳು ಕುಕ್ಕಿ ಹಾಳು ಮಾಡುತ್ತಿವೆಯೆಂದು ಅಪ್ಪ ಒಂದು ವಾರದಿಂದ ಕೊಡೆ ಹಿಡಿದು ಅವುಗಳನ್ನು ಅಟ್ಟುತ್ತಿದ್ದರು. ಇವತ್ತು ಮಾಲಿ ಬಂದು ಒಣಗಿದ ಹುಲ್ಲನ್ನು ಎತ್ತಿದರೆ, ಅಡಿಯಲ್ಲಿ ದಪ್ಪನೆಯ ಬಿಳಿ ಗೊಣ್ಣೆಹುಳುಗಳು ಬೇರು ತಿನ್ನುತ್ತಿದ್ದವು.

“ಕಾಗೆ ಬರ್ತಿದ್ದಿದ್ದೇ ಇದನ್ನ ತಿನ್ನಕ್ಕೆ ಸಾರ್. ಬೇವಿನ ಹಿಂಡಿ ಆಮೇಲೆ ಹಾಕಣ, ಮೊದ್ಲು ಅವನ್ನ ಕರೀರಿ,” ಎಂದ.

ಅಪ್ಪ ಲಾನಿನ ನಡುವೆ ನಿಂತು “ಕಾ, ಕಾ” ಎಂದು ಕೂಗತೊಡಗಿದರು. ಕಾಗೆಗಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತವು, ಕೆಳಗಿಳಿಯಲಿಲ್ಲ.

ಪಕ್ಕದ ಮನೆಯ ಶಾರದಮ್ಮ ಇಣುಕಿದರು. “ಇವತ್ತು ಯಾರ ತಿಥಿ ರಾಯರೇ? ಕಾಗೆ ಮುಟ್ತಿಲ್ಲ ಅಂದ್ರೆ ಹೋದೋರಿಗೆ ಏನೋ ಆಸೆ ಉಳ್ಕೊಂಡಿರುತ್ತೆ.”

ಆಸೆ ಉಳಿದಿದ್ದು ಕಾಗೆಗಳಿಗೆ. ಅಪ್ಪ ಆ ಕೊಡೆಯನ್ನು ಕೆಳಗಿಡಬೇಕಿತ್ತು, ಅಷ್ಟೇ.