ಕಾಲು ಚಾಚಿ ರೊಟ್ಟಿ ಬಡಿದ ದಿನ

ನನ್ನ ಗುಟ್ಟು ರಟ್ಟಾದದ್ದು ರೊಟ್ಟಿ ಬಡಿಯುವಾಗ. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ ಕೂರುವುದು ನಮ್ಮ ಮನೆಯ ರೂಢಿ. ಅವತ್ತು ನಾನು ಬಲಗಾಲನ್ನು ಒಲೆಯ ಪಕ್ಕಕ್ಕೆ ಚಾಚಿಬಿಟ್ಟಿದ್ದೆ. ಅಪ್ಪನ ತಾಯಿ, ನಮ್ಮ ಆಯಿ, ಹೊಸ್ತಿಲ ಮೇಲಿಂದ ನೋಡಿದಳು.

"ಏನವಾ, ಮಹಾರಾಣಿ ಹಂಗ ಕುಂತೀದಿ?"

"ಜೋಮು ಹಿಡದೈತಿ ಆಯಿ."

"ದಿನಾ ಅದ ಕಾಲಿಗೇ ಹಿಡೀತೈತೇನ? ಸುಳ್ಳ ಹೇಳೂದನ್ನೂ ಕಲಸ್ತಾರೇನ ನಿಮ್ಮ ಕರಾಟೆ ಕ್ಲಾಸಿನ್ಯಾಗ?"

ಮುದ್ದೇಬಿಹಾಳದ ಕಾಲೇಜಿನಲ್ಲಿ ನಾವು ಹುಡುಗಿಯರು ಫರಸಿ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ಕರಾಟೆ ಕಲಿಯುತ್ತಿದ್ದೆವು. ಒಬ್ಬಳಿಗೆ ಭುಜ ನೋವು, ಒಬ್ಬಳಿಗೆ ಸೊಂಟ, ನನಗೆ ಮೊಣಕಾಲು. ಸರ್‌ಗೆ ಹೇಳಿದರೆ ಮೈಗಳ್ಳಿ ಅನ್ನುತ್ತಾರೆ; ಮನೆಯಲ್ಲಿ ಹೇಳಿದರೆ ಕ್ಲಾಸನ್ನೇ ಬಿಡಿಸುತ್ತಾರೆ. ಹಾಗಾಗಿ ಮುಲಾಮು ಹಚ್ಚಿಕೊಂಡು, ವಾಸನೆ ಮನೆಗೆ ಹೋಗಬಾರದೆಂದು ಕಾಲೇಜಿನ ನಳದ ಕೆಳಗೆ ತೊಳೆದುಕೊಂಡೇ ಬಸ್ಸು ಹತ್ತುತ್ತಿದ್ದೆವು.

ಹೆದರಿದ ಹಾಗೆಯೇ ಆಯಿತು. ಆಯಿಯ ಮಾತು ಕೇಳಿಸಿಕೊಂಡ ಅಪ್ಪ ಒಳಗೆ ಬಂದವನೇ ನನ್ನ ಊದಿದ ಮೊಣಕಾಲು ನೋಡಿ, "ನಾಳಿಂದ ಕ್ಲಾಸ್ ಬಂದ್" ಅಂದ.

ಆಯಿ ಅವನ ಕಡೆ ತಿರುಗಿದಳು. "ಹತ್ತಿ ಬಿಡಸಿ ಬಿಡಸಿ ನನ್ನ ಸೊಂಟ ಹೋತು. ಒಂದಿನಾರ ಹೊಲಾ ಬಂದ್ ಅಂದೀಯೇನಪಾ?"

"ಅದು ಕೆಲಸಾ, ಅವ್ವಾ."

"ಇದು ಅಕಿ ಕೆಲಸಾ. ದವಾಖಾನಿಗೆ ಕರಕೊಂಡ ಹೋಗು. ಬಿಡಸೂ ಮಾತ ತಗೀಬ್ಯಾಡ."

ಎಲುಬಿಗೆ ಏನೂ ಆಗಿಲ್ಲ, ಊತ ಇಳಿಯುವ ತನಕ ಒದೆಯಬೇಡ, ಗಟ್ಟಿ ನೆಲವೂ ಬೇಡ ಅಂದರು ಡಾಕ್ಟರು.

ಮರುದಿನ ಕ್ಲಾಸಿನ ಸಾಲಿನಲ್ಲಿ ನಿಂತು ಡಾಕ್ಟರ ಮಾತನ್ನು ಎಲ್ಲರೆದುರೇ ಸರ್‌ಗೆ ಹೇಳಿದೆ.

"ಹಂಗಾರ ಮನಿಗೆ ಹೋಗಿ ಮಲಕೋ."

"ಇಲ್ರಿ ಸರ್. ಒದಿಯೂದೂ ಇಲ್ಲ, ಮನಿಗೆ ಹೋಗೂದೂ ಇಲ್ಲ. ಕೈ ಎರಡೂ ಚಲೋ ಅದಾವ್ರಿ."

ಹಿಂದಿನಿಂದ ಒಂದು ದನಿ: "ಸರ್, ನಂದು ಭುಜಾರಿ." ಇನ್ನೊಂದು: "ನಂದು ಸೊಂಟಾರಿ."

"ಇದೇನ ಕ್ಲಾಸೋ, ದವಾಖಾನಿಯೋ!" ಸರ್ ಸಿಡುಕಿದರು. ಯಾರೂ ಸಾಲು ಬಿಡಲಿಲ್ಲ. ಕಡೆಗೆ ಅವರೇ ಬಗ್ಗಿ ಫರಸಿಯನ್ನು ಅಂಗೈಯಿಂದ ಒತ್ತಿ ನೋಡಿದರು.

ಆ ನೆಲದ ಮೇಲೆ ಮೊದಲು ಹಾಸಿದ್ದು ಆಯಿ ಹೊಲಿದ ದಪ್ಪ ಕೌದಿ. ಬೈಕಿಗೆ ಕಟ್ಟಿಕೊಂಡು ತಂದವನು ಅಪ್ಪ. ಮುಖ ಗಂಟಿಕ್ಕಿಕೊಂಡೇ ಬಾಗಿಲಲ್ಲಿ ಇಳಿಸಿ ಹೋದ. ಜಾರದ ಹಾಗೆ ಅದರ ಅಂಚನ್ನು ಕಂಬಕ್ಕೆ ಬಿಗಿದೆವು.

ಊತ ಇಳಿದ ಮೇಲೆ ಅದರ ಮೇಲೆಯೇ ನಿಂತು ಬಲಗಾಲು ಎತ್ತಿದೆ. ಈಗಲೂ ಒಮ್ಮೊಮ್ಮೆ ನೋಯುತ್ತದೆ. ನೋಯುತ್ತದೆ ಅಂತ ಗಟ್ಟಿಯಾಗಿಯೇ ಹೇಳುತ್ತೇನೆ, ಸಾಲು ಮಾತ್ರ ಬಿಡುವುದಿಲ್ಲ.