ಶಾಲಿನ ಮೂಲೆಯ ತಾರೀಖು

ನನ್ನ ವೃತ್ತಿ ಶಾಸನಗಳ ಕಾಲನಿರ್ಣಯ. ಮೂವತ್ತು ವರ್ಷಗಳಿಗೂ ಮಿಕ್ಕಿ ಕಲ್ಲಿನ ಮೇಲಿನ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಕೋಷ್ಟಕಗಳೊಡನೆ ತಾಳೆ ನೋಡಿ, ಹೊಂದದ ಕಡೆ ಹೊಂದುವುದಿಲ್ಲವೆಂದು ಅಡಿಟಿಪ್ಪಣಿ ಬರೆದು ಬದುಕಿದವನು ನಾನು. ಆದ್ದರಿಂದ ಈ ಬರಹದ ಕಾಲಸೂಚನೆಗಳಿಗೆ ಆಧಾರವೇನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ತೈಲಚಿತ್ರ ಕಲಿಯಲು ಸೇರಿದ್ದು 1996ರ ಜೂನ್‌ನಲ್ಲಿ. ಕುಂಚಗಳ ಪೆಟ್ಟಿಗೆ ಕೊಂಡ ರಸೀದಿ ನನ್ನ ಬಳಿ ಇದೆ. ತರಗತಿ ಬಿಟ್ಟದ್ದು ಮರುವರ್ಷದ ಫೆಬ್ರವರಿಯಲ್ಲಿ. ನನ್ನ ಟಿಪ್ಪಣಿ ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಇವಕ್ಕಿಂತ ಮುಖ್ಯವಾದ ಎರಡು ತಾರೀಖುಗಳಿವೆ. ಅವು ನನಗೆ ಕಂಠಪಾಠ. ಅವನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಗಟ್ಟಿಯಾಗಿ ಓದಿದ್ದೇ ಹೆಚ್ಚಾಯಿತು.

ನಾವು ಆಗ ಕೃಷ್ಣರಾಜಪುರದ ಹತ್ತಿರ, ಕಾರ್ಖಾನೆಯ ನೌಕರರೇ ಹೆಚ್ಚಾಗಿದ್ದ ಒಂದು ಬಡಾವಣೆಯಲ್ಲಿದ್ದೆವು. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಫೋರ್‌ಮನ್ ಇದ್ದರು. ಭಾನುವಾರ ಬೆಳಿಗ್ಗೆ ಬಟ್ಟೆಯ ಚೀಲದಲ್ಲಿ ಬಣ್ಣದ ಟ್ಯೂಬುಗಳನ್ನು ತುಂಬಿಕೊಂಡು ಹೊರಡುತ್ತಿದ್ದ ಅವರನ್ನು ಎಲ್ಲಿಗೆಂದು ಕೇಳಿದೆ. ರಿಚರ್ಡ್ಸ್ ಟೌನಿನಲ್ಲಿ ಒಬ್ಬ ಮಾಸ್ಟರ್ ಇದ್ದಾರೆ, ಕ್ಲಬ್ಬು ಶಾಲೆಗಳಿಗೆ ಭಾವಚಿತ್ರ ಬಿಡಿಸಿ ಕೈ ಪಳಗಿದವರು, ಈಗ ಮನೆಯಲ್ಲೇ ಮೂರು ನಾಲ್ಕು ಜನರಿಗೆ ಹೇಳಿಕೊಡುತ್ತಾರೆ ಎಂದರು. ಕಲ್ಲಿನ ಕಪ್ಪುಬಿಳುಪು ಅಚ್ಚುಗಳನ್ನು ನೋಡಿ ನೋಡಿ ಕಣ್ಣು ಬತ್ತಿಹೋಗಿದ್ದ ನನಗೆ ಬಣ್ಣದ ಆಸೆ ಹುಟ್ಟಿತು. ಮುಂದಿನ ಭಾನುವಾರ ಅವರ ಜೊತೆ ಬಸ್ಸು ಹತ್ತಿದೆ.

ಬರಿಗೈಯಲ್ಲಿ ಹೋಗಲಿಲ್ಲ. ಎರಡು ಪುಸ್ತಕ ಓದಿ, ಪಟ್ಟಿ ಮಾಡಿ, ಹನ್ನೆರಡು ಕುಂಚ, ಹನ್ನೆರಡು ಬಣ್ಣಗಳಿದ್ದ ಮರದ ಪೆಟ್ಟಿಗೆಯೊಂದನ್ನು ಕೊಂಡು ಒಯ್ದಿದ್ದೆ. ಮಾಸ್ಟರ್ ಅದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆರೆದರು. ತಮಿಳು ಮನೆಮಾತಿನ ಕ್ರೈಸ್ತರು, ಆಗಲೇ ಎಪ್ಪತ್ತರ ಸಮೀಪದಲ್ಲಿದ್ದವರು; ಫೋರ್‌ಮನ್ ನನ್ನ ಡಾಕ್ಟರೇಟಿನ ವಿಷಯ ಮೊದಲೇ ಹೇಳಿಟ್ಟಿದ್ದರು.

“ಹನ್ನೆರಡು ಕುಂಚ. ದಸರಾ ಗೊಂಬೆ ಥರ ಜೋಡ್ಸಿಡೋಕಾ ಡಾಕ್ಟ್ರೇ?”

ಒಂದೊಂದನ್ನೇ ಅಂಗೈ ಮೇಲೆ ಒತ್ತಿ ಬಗ್ಗಿಸಿ ನೋಡಿದರು. ಒಂಬತ್ತನ್ನು ಪೆಟ್ಟಿಗೆಗೆ ಹಿಂದಿರುಗಿಸಿ, ಹಂದಿಯ ಕೂದಲಿನ ಮೂರನ್ನು ಮಾತ್ರ ನನ್ನ ಕೈಗಿತ್ತರು: ಒಂದು ಚಪ್ಪಟೆ, ಒಂದು ಬಾದಾಮಿ ತುದಿಯದು, ಒಂದು ಸಣ್ಣದು.

“ಕೂದ್ಲು ಬಗ್ಗಿದ್ಮೇಲೆ ತಿರುಗಿ ನೆಟ್ಟಗೆ ನಿಲ್ಬೇಕು. ಬಗ್ಗಿದ್ದು ಬಗ್ಗೇ ಇದ್ರೆ ಅದು ಕುಂಚ ಅಲ್ಲ, ಗುಮಾಸ್ತ.”

ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ಕಿಟಕಿಯ ಬಳಿ ಹೂಜಿಯೊಂದನ್ನು ಬಿಡಿಸುತ್ತ ಕುಳಿತಿದ್ದರು. “ಮಾಸ್ಟರ್, ನಾನು ಗುಮಾಸ್ತೆನೇ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಾವು ಮೂವರೇ ಅವರ ಶಿಷ್ಯರು.

ಎರಡನೆಯ ವಾರ ಮಾಸ್ಟರ್ ಒಂದು ಗಂಟೆ ಮಾತಾಡಿದರು. ಇನ್ನಿಬ್ಬರು ಕೇಳಿಸಿಕೊಂಡರು, ನಾನು ನಾಲ್ಕು ಪುಟ ಬರೆದುಕೊಂಡೆ. ಕೆಳಗಿನ ಪದರಕ್ಕೆ ಟರ್ಪೆಂಟೈನಿನಲ್ಲಿ ತೆಳುಮಾಡಿದ ಬಣ್ಣ, ಮೇಲೆ ಹೋದಂತೆ ಅಗಸೆ ಎಣ್ಣೆ ಹೆಚ್ಚಬೇಕು. ಇಲ್ಲವಾದರೆ ಬಿರುಕು ಬಿಡುತ್ತದೆ. ಇದನ್ನು ಅವರು ಹೇಳಿದ ಬಗೆ ನನ್ನ ಪುಸ್ತಕದಲ್ಲಿ ಹಾಗೆಯೇ ಇದೆ: “ಸಾರಿನ ಮೇಲೆ ತುಪ್ಪ. ತುಪ್ಪದ ಮೇಲೆ ಸಾರು ಹುಯ್ಯೋನು ಅಡಿಗೆಭಟ್ಟನೂ ಅಲ್ಲ, ಆರ್ಟಿಸ್ಟೂ ಅಲ್ಲ.” ಕಪ್ಪು ಟ್ಯೂಬನ್ನು ಮರೆತುಬಿಡಿ, ಕಪ್ಪನ್ನು ನೀಲಿ ಕಂದುಗಳಿಂದ ನೀವೇ ಮಾಡಿ. ಕುಂಚವನ್ನು ಸೋಪಿನಿಂದ ಅಂಗೈಯಲ್ಲೇ ತೊಳೆಯಿರಿ. ಫೋಟೋ ನೋಡಿ ಬಿಡಿಸಬೇಡಿ. ಎದುರಿಗೆ ಕೂತು ಬಿಡಿಸಿ.

ಈ ಕೊನೆಯ ಮಾತು ಹೇಳುವಾಗ ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಅವರ ತೀರಿಹೋದ ಪತ್ನಿಯ ಚಿತ್ರವಿತ್ತು. ಬೆತ್ತದ ಕುರ್ಚಿ, ಹೆಗಲಿಗೆ ಬಿಳಿಯ ಶಾಲು, ಕಿಟಕಿಯಿಂದ ಬೀಳುವ ಬೆಳಕು. ಶಾಲಿನ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ರುಜು ಮತ್ತು ತಾರೀಖು. ಅದರ ಕೆಳಗೆ, ಬೇರೆ ಚೌಕಟ್ಟಿನಲ್ಲಿ, ಆಕೆಯ ಮರಣದ ದಿನವನ್ನು ಅಚ್ಚುಹಾಕಿಸಿದ್ದ ಚರ್ಚಿನ ಸ್ಮರಣೆಯ ಕಾರ್ಡು.

“ಹನ್ನೊಂದು ದಿನ ಬೆಳಿಗ್ಗೆ ಕೂತ್ಲು, ಇದೇ ಕಿಟಕಿ ಹತ್ರ. ಆಗ್ಲೇ ಮೈಗೆ ಹುಷಾರಿರ್ಲಿಲ್ಲ. ಹನ್ನೆರಡನೇ ದಿನ ಕರೆದೆ, ಸಾಕು ಬಿಡಿ, ನಿಮ್ಮ ಬಣ್ಣ ಮುಗಿಯೋದ್ರೊಳಗೆ ನಾನೇ ಮುಗೀತೀನಿ ಅಂದ್ಲು. ತಮಾಷೆಗೆ.”

ಆ ಹನ್ನೊಂದು ಬೆಳಗುಗಳು ಆ ಮನೆಯ ಆಸ್ತಿ. ಅವರು ಮತ್ತೆ ಮತ್ತೆ ಹೇಳುತ್ತಿದ್ದರು, ಪ್ರತಿ ಸಲವೂ ಹನ್ನೊಂದೇ. ಒಮ್ಮೆಯೂ ಹತ್ತೋ ಹನ್ನೆರಡೋ ಆಗಲಿಲ್ಲವೆಂಬುದನ್ನು ನಾನು ಗಮನಿಸಿದ್ದೆ. ಅಂಥದನ್ನು ಗಮನಿಸುವುದೇ ನನ್ನ ಅಭ್ಯಾಸ.

ಜನವರಿಯಲ್ಲಿ ನನಗೆ ಹಲಸೂರು ಕೆರೆಯನ್ನು ಬಿಡಿಸಲು ಹೇಳಿದರು. ಎರಡು ಭಾನುವಾರ ಏರಿಯ ಮೇಲೆ ಮಡಿಸುವ ಸ್ಟೂಲು ಹಾಕಿಕೊಂಡು ಕುಳಿತೆ. ಬೆಳಕು ನಿಲ್ಲಲಿಲ್ಲ. ಬೂದುಬಣ್ಣ ಕಲಸುವಷ್ಟರಲ್ಲಿ ನೀರು ಹಸಿರಾಗುತ್ತಿತ್ತು. ವಾಯುವಿಹಾರಕ್ಕೆ ಬಂದವರೊಬ್ಬರು ಬಹಳ ಹೊತ್ತು ಹಿಂದೆ ನಿಂತಿದ್ದು, “ಒಂದು ಫೋಟೋ ಹೊಡ್ಕೊಂಡ್ರೆ ಮುಗೀತಲ್ಲ ಸಾರ್, ಯಾಕೆ ಇಷ್ಟು ಒದ್ದಾಟ?” ಎಂದರು. ಮೂರನೆಯ ಭಾನುವಾರ ನಾನು ಕ್ಯಾಮೆರಾ ಒಯ್ದೆ. ಮನೆಯಲ್ಲಿ ಫೋಟೋವನ್ನು ಗೋಡೆಗೆ ಅಂಟಿಸಿಕೊಂಡು ಹತ್ತು ಸಂಜೆ ಕೆಲಸ ಮಾಡಿದೆ. ಚಿತ್ರ ಚೆನ್ನಾಗಿ ಬಂದಿತ್ತು; ಹೆಂಡತಿ ಮೆಚ್ಚಿದಳು.

ಮಾಸ್ಟರ್ ಅದನ್ನು ಕಿಟಕಿಯ ಕಡೆ ತಿರುಗಿಸಿ ನೋಡಿದರು.

“ನೀರು ನಿಂತ್ಬಿಟ್ಟಿದೆ ಡಾಕ್ಟ್ರೇ. ಎದುರಿಗೆ ಕೂತಿದ್ರೆ ಅದು ಹಿಂಗೆ ನಿಲ್ತಿರ್ಲಿಲ್ಲ. ಫೋಟೋನಾ?”

“ಇಲ್ಲ ಮಾಸ್ಟರ್” ಎಂದೆ.

“ಶಾಸನ ಓದೋರು ಸುಳ್ಳು ಹೇಳಬಾರ್ದು ರೀ.”

ಬಣ್ಣ ಕೆರೆಯುವ ಚಪ್ಪಟೆ ಚಾಕುವನ್ನು ತೆಗೆದುಕೊಂಡು, ಇನ್ನೂ ಹಸಿಯಿದ್ದ ನೀರನ್ನು ಒಂದು ದಡದಿಂದ ಇನ್ನೊಂದು ದಡದವರೆಗೆ ಕೆರೆದು ಹಾಕಿದರು. ಹತ್ತು ಸಂಜೆಗಳು ಹಳೆಯ ವೃತ್ತಪತ್ರಿಕೆಯ ಮೇಲೆ ಬೂದುಬಣ್ಣದ ಮುದ್ದೆಯಾಗಿ ಬಿದ್ದವು. “ಆಕಾಶ ಇರ್ಲಿ. ಆಕಾಶ ಪರವಾಗಿಲ್ಲ. ನೀರು ಮತ್ತೆ ಹೋಗಿ ನೋಡ್ಕೊಂಡ್ ಬನ್ನಿ” ಎಂದರು. ಕೋಪವಿರಲಿಲ್ಲ ಅವರಲ್ಲಿ. ವಿಮಾ ಕಚೇರಿಯ ಮಹಿಳೆ ತಲೆ ತಗ್ಗಿಸಿ ತಮ್ಮ ಹೂಜಿಯನ್ನು ನೋಡುತ್ತ ಕುಳಿತರು. ಐವತ್ತು ದಾಟಿದ ನನ್ನನ್ನು ಸುಳ್ಳುಗಾರನೆಂದು ಕರೆದದ್ದು ಇಬ್ಬರ ಎದುರಿಗೆ. ಅದು ನಿಜವಾಗಿದ್ದದ್ದು ನನ್ನ ಉರಿಯನ್ನು ಕಡಿಮೆ ಮಾಡಲಿಲ್ಲ.

ಮುಂದಿನ ಭಾನುವಾರ ನಾನು ಕೆರೆಗೆ ಹೋಗಲಿಲ್ಲ. ತರಗತಿಗೆ ಬೇಗ ಹೋಗಿ, ಮಾಸ್ಟರ್ ಒಳಗಿದ್ದಾಗ ಗೋಡೆಯ ಮುಂದೆ ನಿಂತು ಎರಡು ತಾರೀಖುಗಳನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ: ಶಾಲಿನ ಮೂಲೆಯದು, ಕಾರ್ಡಿನದು. ಎಲ್ಲರೂ ಸೇರಿದ ಮೇಲೆ, ವಿದ್ವತ್ಸಭೆಯಲ್ಲಿ ಸಂದೇಹ ಮಂಡಿಸುವವನ ಸಂಯಮದಿಂದಲೇ, ಕೇಳಿದೆ.

“ಮಾಸ್ಟರ್, ಅಮ್ಮನವರ ಚಿತ್ರ ಅವರು ಎದುರಿಗೆ ಕೂತಾಗ ಬಿಡಿಸಿದ್ದು, ಅಲ್ವಾ?”

“ಹನ್ನೊಂದು ದಿನ.”

“ಹಾಗಾದ್ರೆ ಇದನ್ನ ಸ್ವಲ್ಪ ಬಿಡಿಸಿ ಹೇಳಿ.” ಎರಡು ತಾರೀಖುಗಳನ್ನೂ ಗಟ್ಟಿಯಾಗಿ ಓದಿದೆ. “ಚಿತ್ರ ಅವರು ಹೋದ ಹದಿಮೂರು ತಿಂಗಳಿಗೆ ಆಗಿದೆ. ಹೋದವರು ಕೂರೋಕಾಗಲ್ಲ. ಫೋಟೋನಾ ಮಾಸ್ಟರ್?”

ಅವರದೇ ಪದವನ್ನು, ಅವರದೇ ಧಾಟಿಯಲ್ಲಿ ಹಿಂದಿರುಗಿಸಿದ್ದೆ. ಹಿಂದಿನ ರಾತ್ರಿ ಅದನ್ನು ಮನಸ್ಸಿನಲ್ಲೇ ಹಲವು ಸಲ ಹೇಳಿಕೊಂಡು ಹದಗೊಳಿಸಿದ್ದೆ.

ಮಾಸ್ಟರ್ ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದರು. ಅವರು ಎದ್ದು, ಡಬ್ಬಿಯಲ್ಲಿದ್ದ ಕುಂಚಗಳನ್ನು ನಲ್ಲಿಯ ಬಳಿ ಒಯ್ದು ತೊಳೆಯತೊಡಗಿದರು. ಅವು ಆಗಲೇ ತೊಳೆದಿಟ್ಟ ಕುಂಚಗಳು. ನಮ್ಮ ಕಡೆ ತಿರುಗದೆ, “ಇವತ್ತಿಗೆ ಸಾಕು, ಹೋಗ್ಬನ್ನಿ” ಎಂದರು. ಹೊರಡುವಾಗ ವಿಮಾ ಕಚೇರಿಯ ಮಹಿಳೆ ಗೋಡೆಯ ಹತ್ತಿರ ಒಂದು ಕ್ಷಣ ನಿಂತು, ಬಗ್ಗಿ, ಶಾಲಿನ ಮೂಲೆಯನ್ನು ನೋಡಿದರು. ಮಾಸ್ಟರ್ ಆಗ ಟವೆಲು ಹಿಡಿದು ಇತ್ತ ತಿರುಗಿದ್ದರು. ಆಕೆ ನೋಡಿದ್ದನ್ನು ಅವರು ನೋಡಿದರು.

ಬಸ್ಸಿನಲ್ಲಿ ಫೋರ್‌ಮನ್ ಹಲಸೂರು ದಾಟುವವರೆಗೂ ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಮೇಲೆ, “ನೀವು ಲೆಕ್ಕ ಸರಿಯಾಗೇ ಮಾಡಿದ್ರಿ ಸಾರ್. ಯಾಕ್ ಮಾಡಿದ್ರಿ ಅಂತ ಮಾತ್ರ ಗೊತ್ತಾಗ್ಲಿಲ್ಲ” ಎಂದರು. ಸತ್ಯ ಸತ್ಯವೇ ಎಂದೇನೋ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. ನಾನು ಮತ್ತೆ ತರಗತಿಗೆ ಹೋಗಲಿಲ್ಲ. ಎರಡು ತಿಂಗಳೊಳಗೆ ಮಾಸ್ಟರ್ ಹೇಳಿಕೊಡುವುದನ್ನೇ ನಿಲ್ಲಿಸಿದರೆಂದು ತಿಳಿಯಿತು. ವಯಸ್ಸಾಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಚಿತ್ರ ಬರೆಯುವುದನ್ನು ನಾನು ಬಿಡಲಿಲ್ಲ. ಮೂರೇ ಕುಂಚ, ಸಾರಿನ ಮೇಲೆ ತುಪ್ಪ, ಅಂಗೈಯಲ್ಲಿ ಸೋಪು: ಎಲ್ಲವನ್ನೂ ಅವರು ಹೇಳಿದಂತೆಯೇ ಮಾಡುತ್ತ, ಅವರನ್ನು ನಂಬಲಾಗದವರೆಂದು ತೀರ್ಮಾನಿಸಿ ಏಳು ವರ್ಷ ಕಳೆದೆ.

ನಿವೃತ್ತನಾದ ವರ್ಷ, 2004ರಲ್ಲಿ, ಒಂದು ಚಿತ್ರಕ್ಕೆ ಕಟ್ಟು ಹಾಕಿಸಲು ಶಿವಾಜಿನಗರದ ಒಂದು ಗಲ್ಲಿಯ ಅಂಗಡಿಗೆ ಹೋದೆ. ಕಟ್ಟು ಹಾಕುವ ಮುದುಕರು ನನ್ನ ಕ್ಯಾನ್ವಾಸನ್ನು ಬೋರಲು ಹಾಕಿ, ಮರದ ಚೌಕಟ್ಟಿನ ಮೂಲೆಯಲ್ಲಿ ಬಟ್ಟೆ ಮಡಿಸಿದ್ದ ರೀತಿಯನ್ನು ನೋಡಿ ನಕ್ಕರು.

“ಈ ಮಡಿಕೆ ಗೊತ್ತು ಸಾಬ್. ರಿಚರ್ಡ್ಸ್ ಟೌನ್ ಮಾಸ್ಟರ್ ಸ್ಟೂಡೆಂಟಾ?” ಆಮೇಲೆ ಮುಂಭಾಗ ತಿರುಗಿಸಿದರು: “ಇನ್ನೂ ಹಸಿ ಇದೆ, ಆಗ್ಲೇ ಡೇಟ್ ಹಾಕ್ಬಿಟ್ಟಿದೀರಲ್ಲ. ಅವ್ರು ಹಂಗೆ ಮಾಡ್ತಿರ್ಲಿಲ್ಲ. ಪೂರ್ತಿ ಒಣಗ್ಬೇಕು, ಆಮೇಲೆ ಇಲ್ಲಿಗೆ ತಂದು, ಈ ಟೇಬಲ್ ಮೇಲೇ ಡೇಟು, ಅದರ ಮೇಲೆ ವಾರ್ನಿಶು. ಆರು ತಿಂಗಳಾಗ್ಲಿ, ವರ್ಷ ಆಗ್ಲಿ. ಒಣಗಿದ ದಿನಾನೇ ಚಿತ್ರ ಹುಟ್ಟಿದ ದಿನ ಅನ್ನೋರು.”

ನಾನು ನಿಧಾನವಾಗಿ ಕೇಳಿದೆ: “ಅವರ ಹೆಂಡತಿ ಚಿತ್ರ?”

“ಅದೂ ಹಂಗೇ. ಅಳತೆ ತಗೊಳ್ಳೋಕೆ ನಾನೇ ಮನೆಗೆ ಹೋಗಿದ್ದೆ. ಅಮ್ಮ ಕುರ್ಚಿ ಮೇಲೆ, ಪಕ್ಕದಲ್ಲಿ ಹಸಿ ಚಿತ್ರ. ನಂಗೆ ಚಾ ಕೊಡ್ಸಿದ್ರು. ಶಾಲಲ್ಲಿ ಬಿಳಿ ದಪ್ಪ ಇತ್ತು ನೋಡಿ, ಬೇಗ ಒಣಗ್ಲೇ ಇಲ್ಲ. ಒಣಗೋ ಹೊತ್ತಿಗೆ ಅಮ್ಮ ತೀರ್ಕೊಂಡು ವರ್ಷದ ಮೇಲಾಗಿತ್ತು. ಮಾಸ್ಟರ್ ಡೇಟ್ ಹಾಕುವಾಗ ನಾನೇ ಚಿತ್ರ ಹಿಡ್ಕೊಂಡಿದ್ದೆ.”

ಮನೆಗೆ ಬಂದು ಟಿಪ್ಪಣಿ ಪುಸ್ತಕ ತೆಗೆದೆ. ಎರಡನೆಯ ವಾರದ ನಾಲ್ಕು ಪುಟಗಳಲ್ಲಿ ಮೂರನೆಯದು, ಕೆಳಗಿನಿಂದ ಎರಡನೆಯ ಸಾಲು, ನನ್ನದೇ ಕೈಬರಹ: “ತಾರೀಖು ಒಣಗಿದ ಮೇಲೆ, ವಾರ್ನಿಶಿಗೆ ಮುಂಚೆ. ಬಿಡಿಸಿದ ದಿನ ಅಲ್ಲ.” ಕೆಳಗೆ ಗೆರೆ ಕೂಡ ಎಳೆದಿದ್ದೆ.

ಕೊಟ್ಟ ದಿನ ಬೇರೆ, ಕೆತ್ತಿದ ದಿನ ಬೇರೆ. ನನ್ನ ಶಾಸ್ತ್ರದಲ್ಲಿ ಇದು ಮೊದಲನೆಯ ಪಾಠ. ದಾನ ನಡೆದು ಎಷ್ಟೋ ಕಾಲದ ಮೇಲೆ ಕಲ್ಲು ನಿಲ್ಲಿಸಿದ ನಿದರ್ಶನಗಳನ್ನು ನಾನೇ ಪಾಠ ಹೇಳಿದ್ದೇನೆ. ಅದನ್ನು ಮರೆತ ಕಿರಿಯ ಸಹೋದ್ಯೋಗಿಯೊಬ್ಬರ ಪ್ರಬಂಧವನ್ನು ಕೆಂಪು ಶಾಯಿಯಲ್ಲಿ ಕೊಚ್ಚಿಹಾಕಿದ್ದೇನೆ. ಅಪರಿಚಿತ ಅರಸರಿಗೆ ಕೊಟ್ಟ ಆ ವಿನಾಯಿತಿಯನ್ನು ನನಗೆ ಕುಂಚ ಹಿಡಿಯಲು ಕಲಿಸಿದವರಿಗೆ ಕೊಡಲಿಲ್ಲ. ಇದು ಅಜ್ಞಾನವೆಂದು ಬರೆದರೆ ಸುಳ್ಳಾಗುತ್ತದೆ. ತಾಳೆ ನೋಡದೆ ಒಪ್ಪಬಾರದೆಂಬ ನನ್ನ ನಿಯಮವನ್ನು ಆ ಒಂದು ವಾರ ನಾನೇ ಬದಿಗಿಟ್ಟಿದ್ದೆ. ತಾಳೆ ನೋಡಿದ್ದರೆ ಸೇಡು ಕೈತಪ್ಪುತ್ತಿತ್ತು.

ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ರಿಚರ್ಡ್ಸ್ ಟೌನಿಗೆ ಹೋದೆ. ಮಾಸ್ಟರ್ ಬಾಗಿಲು ತೆರೆದರು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಧ್ವನಿಯಿಂದ ಗುರುತಿಸಿದರು.

“ಬನ್ನಿ ಡಾಕ್ಟ್ರೇ. ನೀರು ನೋಡ್ಕೊಂಡ್ ಬಂದ್ರಾ?”

ಚಿತ್ರ ಗೋಡೆಯ ಮೇಲೇ ಇತ್ತು. ಶಾಲಿನ ಮೂಲೆಯಲ್ಲಿ ಮಾತ್ರ ಅಂಗೈಯಗಲ ಜಾಗ ಮಸುಕಾಗಿತ್ತು. ಟರ್ಪೆಂಟೈನಿನ ಬಟ್ಟೆಯಿಂದ ಯಾರೋ ತಿಕ್ಕಿದ್ದರು. ರುಜುವೂ ಇಲ್ಲ, ತಾರೀಖೂ ಇಲ್ಲ. ಒಂದು ಕಡೆ ಬಿಳಿಯ ಬಣ್ಣವೂ ಹೋಗಿ ಬಟ್ಟೆಯ ಎಳೆ ಕಾಣುತ್ತಿತ್ತು.

“ಮಾಸ್ಟರ್, ನಾನು ಅವತ್ತು ಹೇಳಿದ್ದು ತಪ್ಪು.”

“ಇಲ್ಲ, ಹದಿಮೂರು ತಿಂಗಳು ಸರಿ. ನಾನೂ ಎಣಿಸ್ದೆ.”

“ನೀವು ಒಂದು ಮಾತು ಹೇಳಬಹುದಿತ್ತು.”

“ಹೇಳಿದ್ನಲ್ಲ, ಎರಡನೇ ವಾರ. ನೀವು ಬರ್ಕೊಂಡ್ರಿ, ಗೆರೆ ಎಳೆದ್ರಿ. ನಾನು ನೋಡ್ತಾ ಇದ್ದೆ.”

ಮೂಲೆಯ ಕಡೆ ಕೈ ತೋರಿಸಿ ಇದೇಕೆ ಹೀಗೆ ಎಂದೆ.

“ಆಮೇಲೆ ಬಂದೋರು ಮೊದ್ಲು ಮೂಲೆ ನೋಡೋರು. ಮೇಡಂ, ಫೋರ್‌ಮನ್ನು, ಇಬ್ರೂ. ಮುಖ ಆಮೇಲೆ. ಕೊನೆಗೆ ನಾನೂ ಹಂಗೇ ನೋಡೋಕೆ ಶುರು ಮಾಡ್ದೆ. ಬೆಳಿಗ್ಗೆ ಎದ್ರೆ ಕಣ್ಣು ಸೀದಾ ಅಲ್ಲಿಗೇ. ಅದ್ಕೆ ಒರೆಸ್ಬಿಟ್ಟೆ.”

“ಮತ್ತೆ ಬರೀಬಹುದು ಮಾಸ್ಟರ್.”

“ಏನಂತ ಬರೀಲಿ? ದಿನ ನೆನಪಿಲ್ಲ ಈಗ.”

ಆ ತಾರೀಖು ಉಳಿದಿದ್ದ ಏಕೈಕ ಜಾಗ ನನ್ನ ಟಿಪ್ಪಣಿ ಪುಸ್ತಕ. ಅದನ್ನು ಚೀಲದಿಂದ ತೆಗೆದು, ಆ ಪುಟ ತೆರೆದು, ಅವರ ಮುಂದೆ ಹಿಡಿದೆ. ಪೊರೆಯಿಲ್ಲದ ಕಣ್ಣನ್ನು ಅವರು ಆ ಕಡೆ ತಿರುಗಿಸಲಿಲ್ಲ. ಅಂಗೈಯಿಂದ ಪುಸ್ತಕವನ್ನು ಮೆಲ್ಲಗೆ ನನ್ನತ್ತಲೇ ಸರಿಸಿದರು.

“ನೀವೇ ಇಟ್ಕೊಳ್ಳಿ ಡಾಕ್ಟ್ರೇ. ಅದು ಬೇಕಾಗಿದ್ದಿದ್ದು ನಿಮ್ಗೆ.”

ಇಟ್ಟುಕೊಂಡಿದ್ದೇನೆ.